ಒಂದು ಸುತ್ತಿಗೆ ಒಂದೇ ಬಿಟ್ಟಿ ಏಟು

ಜನವರಿ 9

ಭಾವನವರಿಗೆ,

ಹದಿನೆಂಟು ವರ್ಷದ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡಿ. ಯಾರೂ ಸತ್ತಿಲ್ಲ. ಸತ್ತವಳು ಒಬ್ಬಳೇ. ಅವಳು ಆಗಲೇ ಸತ್ತಳು, ನಿಮ್ಮ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ನಿಮ್ಮ ಬಾಯಿಂದ. ಬರೆಯುತ್ತಿರುವುದು ಆ ವಿಷಯವೇ.

ನಾನು ಈಗಲೂ ಕರಡು ತಿದ್ದಿ ಬದುಕುತ್ತಿದ್ದೇನೆ. ಮೊನ್ನೆ ಪ್ರಕಾಶಕರು ಕಳಿಸಿದ ಕಟ್ಟು ಬಿಚ್ಚಿದರೆ ಮೇಲಿನ ಹಾಳೆಯಲ್ಲಿ ‘ಕಾಳಗದ ಇತ್ಯರ್ಥಗಳು’ ಎಂದಿತ್ತು, ಕೆಳಗೆ ನಿಮ್ಮ ಹೆಸರು. ಮಾಸಪತ್ರಿಕೆಯಲ್ಲಿ ಆಟಗಾರರ ಜಗಳಗಳಿಗೆಲ್ಲ ನೀವು ತೀರ್ಪು ಕೊಡುತ್ತಿರುವುದು ಗೊತ್ತಿತ್ತು. ಅದು ಪುಸ್ತಕವಾಗುತ್ತಿರುವುದು ಗೊತ್ತಿರಲಿಲ್ಲ. ಕರಡು ಯಾರ ಮೇಜಿಗೆ ಹೋಗುತ್ತದೆಂದು ನಿಮಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಮುನ್ನುಡಿ ಚೆನ್ನಾಗಿದೆ. ಆಟದ ಗಂಧವೇ ಇಲ್ಲದವರಿಗೂ ತಿಳಿಯುತ್ತದೆ: ‘ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ ಹೊರುತ್ತಾರೆ. ಏನು ಮಾಡುತ್ತೇನೆಂದು ಬಾಯಲ್ಲಿ ಹೇಳುತ್ತಾರೆ. ಆಗುತ್ತದೋ ಇಲ್ಲವೋ, ದಾಳ ಹೇಳುತ್ತದೆ.’ ಕಾಳಗದ ಮೂಲ ನಿಯಮಗಳನ್ನೂ ಸರಿಯಾಗಿಯೇ ಇಳಿಸಿದ್ದೀರಿ. ಒಂದು ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಒಂದು ಸರದಿ. ಎದುರಾಳಿಯ ಪಕ್ಕದಲ್ಲಿದ್ದವರು ಅಲ್ಲಿಂದ ಕದಲಿದರೆ ಎದುರಾಳಿಗೆ ಒಂದು ಬಿಟ್ಟಿ ಏಟು. ಆ ಬಿಟ್ಟಿ ಏಟು ಒಂದು ಸುತ್ತಿಗೆ ಒಂದೇ.

ಒಂದೇ. ನೀವೇ ಬರೆದಿದ್ದೀರಿ ಭಾವ, ನಲವತ್ತನೆಯ ಪುಟದಲ್ಲಿ. ಪುಟ ತಿರುಗಿಸಿದರೆ ಉದಾಹರಣೆ ಹೀಗಿದೆ: ‘ಗುರಾಣಿ ಹಿಡಿದವಳೊಬ್ಬಳು ಕಲ್ಲಿನ ಕಾವಲುಗಾರನಿಗೆ ಬೆನ್ನು ತೋರಿಸಿ ಬಾಗಿಲು ಬಿಟ್ಟಳು. ಮದ್ದಿನಾಕೆ ಆ ಮೊದಲೇ ಮೆಟ್ಟಿಲಿಳಿದು ಕ್ಷೇಮವಾಗಿದ್ದಳು. ಕಾವಲುಗಾರನ ಬಿಟ್ಟಿ ಏಟಿಗೆ ಗುರಾಣಿಯವಳು ಬಿದ್ದಳು. ಹೆದರಿ ಓಡುವವರಿಗೆ ಇದು ಪಾಠ.’

ಆ ಗುರಾಣಿಯವಳು ನಾನು. ಮದ್ದಿನಾಕೆ ನಿಮ್ಮ ಹೆಂಡತಿ, ನನ್ನ ಅಕ್ಕ. ಕಥೆ ನಡೆಸುತ್ತಾ ಕಾವಲುಗಾರನ ದಾಳ ಉರುಳಿಸುತ್ತಿದ್ದವರು ನೀವು. ಈ ನಾಲ್ಕು ಸಾಲಿನಲ್ಲಿ ನಿಜವಾದದ್ದು ಬಾಗಿಲು ಒಂದೇ.

ಕೆಂಪು ಪೆನ್ನು ನನ್ನ ಕೈಯಲ್ಲೇ ಇದೆ. ಇಡೀ ಪ್ಯಾರಾ ಹೊಡೆದು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಕದ್ದು ತಿದ್ದುವುದು ನಿಮ್ಮ ಕಸುಬು, ನನ್ನದಲ್ಲ. ನೀವೇ ತಿದ್ದಿ ಕಳಿಸಬೇಕು. ಫೋನ್ ಮಾಡಬೇಡಿ. ಫೋನಿನಲ್ಲಿ ನೀವು ನಕ್ಕು ಮಾತು ತೇಲಿಸುತ್ತೀರಿ. ಕಾಗದದ ಮೇಲೆ ನಗು ಕೇಳಿಸುವುದಿಲ್ಲ.

ಪುಸ್ತಕ ಏಪ್ರಿಲ್ ಮೊದಲ ವಾರ ಅಚ್ಚಿಗೆ ಹೋಗುತ್ತದೆ.

ನಿಮ್ಮ ನಾದಿನಿ


ಜನವರಿ 17

ನಾದಿನಿಗೆ ಆಶೀರ್ವಾದ.

ಅಂಗಡಿಯಲ್ಲಿ ಗಿರಾಕಿ ಕೂತಿದ್ದಾಗ ನಿನ್ನ ಪತ್ರ ಬಂತು. ಓದುತ್ತಾ ಓದುತ್ತಾ ಅವರ ಬಲಗಣ್ಣಿನ ಪವರು ಎಡಗಣ್ಣಿಗೆ ಬರೆದುಬಿಟ್ಟೆ. ಆ ಪಾಪವೂ ನಿನ್ನ ತಲೆಗೇ.

ನಮ್ಮಮ್ಮ ಹೇಳುತ್ತಿದ್ದಳು, ಆನೆಗೂ ನಾದಿನಿಗೂ ಮರೆವಿಲ್ಲ ಅಂತ. ಹದಿನೆಂಟು ವರ್ಷದ ಮಾತು ಮಾರಾಯಿತಿ! ನಿನ್ನ ಆಟದ ಕಾಯಿ ಅಂತ ಒಂದು ಅಂಗಿ ಗುಂಡಿಗೆ ಒಡೆದ ಗಾಜಿನ ಚೂರು ಅಂಟಿಸಿ ಗುರಾಣಿ ಮಾಡಿದ್ದೆ ನೀನು. ಆ ಗುಂಡಿ ಅಡ್ಡ ಬಿದ್ದದ್ದಕ್ಕೆ ಇಷ್ಟು ಸಿಟ್ಟೇ? ಆಮೇಲೆ ನಮ್ಮ ಬಸ್ ಕಂಡಕ್ಟರಣ್ಣನ ಬಿಲ್ಲುಗಾರ ನಾಲ್ಕು ಸಲ ಸತ್ತಿದ್ದಾನೆ. ಅವನು ನನಗೆ ಒಂದು ಸಾಲೂ ಬರೆದಿಲ್ಲ.

ನಿಯಮದ ವಿಷಯ ಕೇಳಿದ್ದೀಯ, ಹೇಳುತ್ತೇನೆ. ಒಂದು ಸುತ್ತಿಗೆ ಒಂದೇ ಬಿಟ್ಟಿ ಏಟು ಅನ್ನುವುದು ಸರಿ. ಆದರೆ ನಿನ್ನ ಅಕ್ಕ ಮೆಟ್ಟಿಲಿಳಿದದ್ದು ಹಿಂದಿನ ಸುತ್ತಿನಲ್ಲಿ. ಸುತ್ತು ಹೊಸದಾದರೆ ಏಟೂ ಹೊಸದು. ನನಗೆ ನೆನಪಿರುವುದು ಹಾಗೆ. ‘ಹೆದರಿ’ ಅನ್ನುವುದು ಬೇಡವಾದರೆ ಆ ಒಂದು ಶಬ್ದ ತೆಗೆದುಬಿಡು, ನನ್ನ ಒಪ್ಪಿಗೆ ಇದೆ.

ನಿನ್ನ ಅಕ್ಕ ಚೆನ್ನಾಗಿದ್ದಾಳೆ. ನೀನು ಕೇಳಲಿಲ್ಲ, ಆದರೂ ಹೇಳಿದೆ. ಭಾನುವಾರದ ಆಟ ಇಂದಿಗೂ ನಡೆಯುತ್ತಿದೆ. ಅವಳ ಮದ್ದಿನಾಕೆ ಈಗ ದೊಡ್ಡ ಹೆಸರು. ಹೊಸದಾಗಿ ಸೇರಿದ ಹುಡುಗಿಯರು ‘ಅಕ್ಕ ಪಕ್ಕದಲ್ಲಿದ್ದರೆ ಸಾವೇ ಇಲ್ಲ’ ಅನ್ನುತ್ತಾರೆ.

ನಿನ್ನ ಭಾವ


ಜನವರಿ 20

ಭಾವನವರಿಗೆ,

‘ಅಕ್ಕ ಪಕ್ಕದಲ್ಲಿದ್ದರೆ ಸಾವೇ ಇಲ್ಲ.’ ಈ ಸಾಲು ಓದಿ ಎದ್ದು ಹೋಗಿ ನೀರು ಕುಡಿದು ಬಂದೆ.

ನಗರಸಭೆಯವರು ನಮ್ಮ ಬೀದಿಯ ದೀಪ ಕಂಬವನ್ನು ಕಾಗದದ ಮೇಲೆ ಮಾತ್ರ ನೆಟ್ಟಿದ್ದರು. ಆರು ವರ್ಷ ಬರೆದೆ. ಈಗ ಕಂಬ ನನ್ನ ಕಿಟಕಿ ಎದುರಿಗಿದೆ, ಅದರ ಬೆಳಕಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮನ್ನು ಒಂದು ಶಬ್ದಕ್ಕೆ ಬಿಟ್ಟುಬಿಡುತ್ತೇನೆಂದು ಹೇಗೆ ಅಂದುಕೊಂಡಿರಿ?

ಹಿಂದಿನ ಸುತ್ತು ಅಂದಿರಿ. ಸರಿ, ನೆನಪು ಮಾಡಿಕೊಡುತ್ತೇನೆ.

ಸರದಿಯ ಲೆಕ್ಕಕ್ಕೆ ನೀವು ಕಣ್ಣು ಪರೀಕ್ಷೆಯ ಗಾಜುಗಳನ್ನು ಅವುಗಳ ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದಿರಿ, ಒಬ್ಬೊಬ್ಬರಿಗೆ ಒಂದು. ಸರದಿ ಮುಗಿದವರ ಗಾಜು ಮಲಗುತ್ತಿತ್ತು. ಎಲ್ಲ ಮಲಗಿದರೆ ಸುತ್ತು ಮುಗಿಯಿತು. ಆ ದಿನ ನಾನು ‘ಹಿಂದೆ ಸರಿಯುತ್ತೇನೆ’ ಎಂದಾಗ ಮಲಗಿದ್ದ ಗಾಜು ಒಂದೇ, ಅಕ್ಕನದು. ನನ್ನದು, ಹಲ್ಲಿನ ಡಾಕ್ಟರದು, ಕಂಡಕ್ಟರಣ್ಣನದು, ಕಾವಲುಗಾರನದು ನಾಲ್ಕೂ ನಿಂತಿದ್ದವು. ಅಂದಮೇಲೆ ಅದು ಅದೇ ಸುತ್ತು.

ಅಕ್ಕ ‘ನಾನು ಕೆಳಗೆ ಓಡ್ತೀನಿ’ ಎಂದಳು. ನೀವು ‘ಹಾಗಾದರೆ ಬಿಟ್ಟಿ ಏಟು’ ಎಂದು ನಿಮ್ಮ ಇಪ್ಪತ್ತು ಮುಖದ ದಾಳ ಉರುಳಿಸಿದಿರಿ. ‘ಆರು. ತಪ್ಪಿತು’ ಎಂದಿರಿ. ಏಟು ಖರ್ಚಾಯಿತು. ಅದು ಖರ್ಚಾಯಿತೆಂದೇ ನಾನು ಹಿಂದೆ ಸರಿಯುತ್ತೇನೆ ಎಂದದ್ದು. ಹೆದರಿ ಅಲ್ಲ. ಒಂದು ಹೆಜ್ಜೆ ಹಿಂದೆ ಹೋಗಿ, ಬಾಗಿಲು ಎಳೆದು ಅಗುಳಿ ಹಾಕಿದರೆ ನಾಲ್ವರೂ ಉಳಿಯುತ್ತಿದ್ದೆವು. ಆ ಸುತ್ತಿನಲ್ಲಿ ಬೇರೆ ಯಾರಿಗೂ ಹೊಳೆಯದ ಉಪಾಯ ಅದು. ಪೂರ್ತಿ ಹೇಳುವಷ್ಟರಲ್ಲಿ ದಾಳ ಮತ್ತೆ ಉರುಳಿತ್ತು. ‘ಹದಿನೇಳು. ಬಿದ್ದೆ.’

ನಾನು ಕೈ ಎತ್ತಿದೆ. ನೀವು ಏನು ಮಾಡಿದಿರಿ ಭಾವ? ಗೋಡೆಯ ಮೇಲಿನ ನಮ್ಮ ಮನೆ ನಿಯಮ ತೋರಿಸಿದಿರಿ: ಬಿದ್ದವರು ಮಾತಾಡುವಂತಿಲ್ಲ. ಕಂಡಕ್ಟರಣ್ಣ ಒಮ್ಮೆ ಸತ್ತ ಮೇಲೂ ಇಡೀ ಸಂಜೆ ಉಪದೇಶ ಮಾಡಿ ಎಲ್ಲರ ತಲೆ ತಿಂದದ್ದಕ್ಕೆ ತಮಾಷೆಗೆ ಮಾಡಿದ ನಿಯಮ. ಅದನ್ನು ನನ್ನ ಬಾಯಿಗೆ ಬಟ್ಟೆ ತುರುಕಲು ಬಳಸಿದಿರಿ.

ಡಾಕ್ಟರು ಶಟರಿನ ಹತ್ತಿರ ಯಾವುದೋ ರೋಗಿಯ ಫೋನಿನಲ್ಲಿದ್ದರು. ಕಂಡಕ್ಟರಣ್ಣ ಎರಡು ಪಾಳಿ ಮುಗಿಸಿ ಬಂದು ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದ. ಮೊದಲ ಏಟನ್ನು ಕಂಡವರು, ಬಾಯಿ ಇದ್ದವರು, ನಿಂತಿದ್ದವರು ಆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಅವಳು ಟೀ ಲೋಟದಲ್ಲಿ ಸಕ್ಕರೆ ಕಲಕುತ್ತಾ ಕೂತಿದ್ದಳು. ನಾನು ಎದ್ದು ಚಪ್ಪಲಿ ಮೆಟ್ಟುವವರೆಗೂ ಕಲಕುತ್ತಲೇ ಇದ್ದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನೀವು ಆನೆ ಕೊಡಬೇಕಿಲ್ಲ. ನಿಯಮ ಕೊಡಿ ಸಾಕು.

ಹಲ್ಲಿನ ಡಾಕ್ಟರಿಗೂ ಇದೇ ವಿವರ ಬರೆದಿದ್ದೇನೆ.

ನಿಮ್ಮ ಹೆಂಡತಿಯ ತಂಗಿ


ಫೆಬ್ರವರಿ 2

ನಾದಿನಿಗೆ,

ನೀನು ಬೆಂಕಿ ಹಚ್ಚಿ ದೂರ ಕೂತು ಕೈ ಕಾಯಿಸಿಕೊಳ್ಳುವವಳು.

ಡಾಕ್ಟರು ನಿನ್ನ ಪತ್ರ ತಂದು ಭಾನುವಾರ ಮೇಜಿನ ಮೇಲಿಟ್ಟು ಗಟ್ಟಿಯಾಗಿ ಓದಿದರು. ಆಮೇಲೆ ನಡೆದದ್ದನ್ನು ಹೇಳುತ್ತೇನೆ, ಖುಷಿಪಡು.

ಕಂಡಕ್ಟರು, ‘ನಾನು ನಿದ್ದೆ ಮಾಡ್ತಿರಲಿಲ್ಲ, ಕಣ್ಣು ಮುಚ್ಚಿ ಯೋಚಿಸ್ತಿದ್ದೆ’ ಅಂದ.

‘ಗೊರಕೆ ಹೊಡೆದು ಯೋಚಿಸೋರು ನೀವೊಬ್ಬರೇ ಕಣ್ರೀ’ ಅಂದರು ಡಾಕ್ಟರು.

‘ನೀವು ಫೋನ್ ಹಿಡಿದು ಓಡಿಹೋಗಿದ್ರಿ. ಹಲ್ಲು ಕೀಳೋ ಅವಸರದಲ್ಲಿ ಕಾಳಗ ಬಿಟ್ಟೋರು ನೀವು.’

‘ಅಲ್ರೀ, ಒಂದು ಸುತ್ತಿಗೆ ಒಂದೇ ಏಟು ಅಂತ ಇವರೇ ನನ್ನನ್ನ ಹದಿನೆಂಟು ವರ್ಷದಿಂದ ಹಿಡಿದು ಹಿಡಿದು ನಿಲ್ಸಿದಾರಲ್ಲ! ಮನೆಯವರಿಗೊಂದು ನ್ಯಾಯ, ನಮಗೊಂದಾ?’ ಅಂತ ಡಾಕ್ಟರು ನನ್ನ ಕಡೆ ಕೈ ಮಾಡಿದರು.

ಹೊಸ ಹುಡುಗಿಯರು ಮಿಕಮಿಕ ನೋಡುತ್ತಿದ್ದರು. ಕಂಡಕ್ಟರು ಟೋಪಿ ತೆಗೆದುಕೊಂಡು, ‘ತೀರ್ಪು ಸರಿಯಾಗೋವರೆಗೆ ನಾನು ಬರಲ್ಲ’ ಅಂತ ಹೊರಟೇ ಹೋದ. ಆಟ ನಿಂತಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಸಂಜೆಯಾಗುವ ಮುಂಚೆಯೇ ಅಂಗಡಿ ಬಾಗಿಲು ಹಾಕಿದೆ.

ನೀನು ಕರಡು ತಿದ್ದುವವಳು, ಕರಡು ತಿದ್ದು. ಪುಸ್ತಕದಲ್ಲಿ ಏನಿರಬೇಕೆಂದು ಹೇಳುವುದು ಬರೆದವನ ಕೆಲಸ. ಪ್ರಕಾಶಕರಿಗೆ ಹೇಳಿ ಕೆಲಸವನ್ನು ಬೇರೆಯವರಿಗೆ ಕೊಡಿಸಬಲ್ಲೆ. ಇನ್ನೂ ಕೊಡಿಸಿಲ್ಲ.

ಇನ್ನೊಂದು ಮಾತು. ಗಾಜು ಎಷ್ಟು ನಿಂತಿದ್ದವು, ಎಷ್ಟು ಮಲಗಿದ್ದವು ಎಲ್ಲ ನಿನಗೆ ನೆನಪಿದೆ. ಆ ಭಾನುವಾರ ನಿನ್ನ ಅಕ್ಕ ಎಲ್ಲಿಂದ ಬಂದು ಮೇಜಿಗೆ ಕೂತಿದ್ದಳು ಅನ್ನುವುದು ನೆನಪಿಲ್ಲವೇ? ಆಸ್ಪತ್ರೆಯಿಂದ ಬಂದು ಮೂರೇ ದಿನವಾಗಿತ್ತು. ಅಲ್ಲಿ ಎರಡು ವಾರ ಮಲಗಿದ್ದಾಗ ಯಾರು ಯಾರು ನೋಡಲು ಬಂದರು, ಯಾರು ಬರಲಿಲ್ಲ, ಅದು ನನಗೆ ನೆನಪಿದೆ. ನಾನು ಅದನ್ನು ಪುಸ್ತಕ ಮಾಡಿಲ್ಲ.

ನಿನಗೆ ಬೇಕಾಗಿರುವುದೇನು, ಒಂದೇ ಸಾಲಿನಲ್ಲಿ ಬರೆ.

ಭಾವ


ಫೆಬ್ರವರಿ 4

ಭಾವನವರಿಗೆ,

ಆಸ್ಪತ್ರೆ ಬೇರೆ ವಿಷಯ. ಅದನ್ನು ಇಲ್ಲಿ ತರಬೇಡಿ.

ಒಂದೇ ಸಾಲು ಕೇಳಿದಿರಿ. ಬರೆಯುತ್ತೇನೆ: ಆ ಸುತ್ತು ಎಲ್ಲಿ ದಾರಿ ತಪ್ಪಿತೋ ಅಲ್ಲಿಂದ, ಈಗಿನ ಮೇಜಿನ ಮೇಲೆ, ಎಲ್ಲರ ಎದುರಿಗೆ ಮತ್ತೆ ನಡೆಯಬೇಕು.

ಅದು ಎಲ್ಲಿ ತಪ್ಪಿತು ಗೊತ್ತೇ? ನನ್ನ ಮೇಲೆ ಬಿದ್ದ ಏಟಿನಲ್ಲಿ ಅಲ್ಲ. ಅದಕ್ಕೂ ಮುಂಚೆ. ಇದನ್ನು ಡಾಕ್ಟರಿಗೆ ಬರೆದಿಲ್ಲ. ನಿಮಗೆ ಮಾತ್ರ.

ದಾಳ ನಮಗೆ ಕಾಣದಿರಲೆಂದು ನೀವು ಹಳೆಯ ಕ್ಯಾಲೆಂಡರಿನ ರಟ್ಟನ್ನು ಮುಂದೆ ಅಡ್ಡ ಇಟ್ಟುಕೊಳ್ಳುತ್ತಿದ್ದಿರಿ. ನಿಮ್ಮ ಬೆನ್ನ ಹಿಂದೆ ಗೋಡೆಗೆ ಕಣ್ಣು ಪರೀಕ್ಷೆಯ ಕನ್ನಡಿ. ನನ್ನ ಜಾಗ ಅದರ ಎದುರಿಗೆ. ಕನ್ನಡಿಯಲ್ಲಿ ಅಂಕಿ ತಿರುಗಿ ಕಾಣುತ್ತದೆ, ಯಾರಿಗೂ ಓದಲಾಗದು ಅಂತ ನೀವು ನಿಶ್ಚಿಂತೆಯಿಂದ ಇದ್ದಿರಿ. ನಾನು ಹದಿನಾರನೆಯ ವಯಸ್ಸಿನಿಂದ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದವಳು ಭಾವ. ಸೀಸದ ಮೊಳೆಯಲ್ಲಿ ಅಕ್ಷರ ಯಾವಾಗಲೂ ತಿರುಗಿಯೇ ಇರುತ್ತದೆ. ನೆಟ್ಟಗಿರುವುದಕ್ಕಿಂತ ತಿರುಗಿದ್ದನ್ನೇ ನಾನು ಬೇಗ ಓದುತ್ತೇನೆ.

ಅಕ್ಕನ ಮೇಲೆ ನೀವು ಉರುಳಿಸಿದ ದಾಳ ಆರು ಅಲ್ಲ. ಹತ್ತೊಂಬತ್ತು. ಹನ್ನೆರಡು ಬಿದ್ದಿದ್ದರೂ ಅವಳು ಬೀಳಬೇಕಿತ್ತು. ಊರಿಗೆಲ್ಲ ಕನ್ನಡಕ ಕೊಡುವವರಿಗೆ ಎದುರಿಗಿದ್ದ ಹತ್ತೊಂಬತ್ತು ಕಾಣಲಿಲ್ಲವೇ?

ಆಗಲೇ ಏಕೆ ಹೇಳಲಿಲ್ಲ ಅಂತ ಕೇಳುತ್ತೀರಿ. ಆಗ ನನಗೆ ಬಾಯಿ ಇತ್ತು, ನಾನಿನ್ನೂ ಬಿದ್ದಿರಲಿಲ್ಲ. ಹೇಳಲಿಲ್ಲ. ಅವಳ ಮುಖ ನೋಡಿದೆ. ಉಳಿಯಲಿ ಅಂದುಕೊಂಡು ಸುಮ್ಮನಾದೆ. ಅವಳೂ ನನ್ನನ್ನು ನೋಡಿದಳು. ಅವಳು ರಟ್ಟಿನ ಪಕ್ಕದಲ್ಲೇ ಕೂತಿದ್ದಳು, ದಾಳ ಅವಳಿಗೆ ಕನ್ನಡಿಯಿಲ್ಲದೆಯೇ ಕಂಡಿತ್ತು. ನಾನು ಅವಳಿಗಾಗಿ ಬಾಯಿ ಮುಚ್ಚಿದ್ದು ಅವಳಿಗೆ ಗೊತ್ತಾಯಿತು. ಅದಾಗಿ ಒಂದು ಲೋಟ ಟೀ ಆರುವಷ್ಟರಲ್ಲಿ ನನಗಾಗಿ ಬಾಯಿ ತೆರೆಯುವ ಸರದಿ ಅವಳದಾಯಿತು.

ಆಮೇಲಿನದು ನಿಮಗೆ ಗೊತ್ತಿದೆ.

ಆದ್ದರಿಂದ ಈಗ ಹತ್ತೊಂಬತ್ತನ್ನು ಹತ್ತೊಂಬತ್ತು ಎಂದೇ ಓದಿ. ಗುರಾಣಿಯವಳು ಏಳಲಿ. ಮದ್ದಿನಾಕೆ ಬೀಳಲಿ. ಸಾವೇ ಇಲ್ಲದವಳು ಬಿದ್ದರೆ ಹೇಗಿರುತ್ತದೆಂದು ನಿಮ್ಮ ಹೊಸ ಹುಡುಗಿಯರೂ ನೋಡಲಿ.

ಕರಡು ಯಾರ ಕೈಗಾದರೂ ಕೊಡಿಸಿ. ಕನ್ನಡಿ ನನ್ನ ಕಣ್ಣಲ್ಲಿದೆ.

ಸಹಿ ಬೇಕಿಲ್ಲ, ಕೈಬರಹ ಗುರುತಿದೆ


ಫೆಬ್ರವರಿ 15

ಭಾವನವರಿಗೆ,

ಉತ್ತರ ಬರಲಿಲ್ಲ. ಅಂಚೆಯವನನ್ನು ಎರಡು ಸಲ ಬೈದೆ. ಪಾಪ, ಅವನ ತಪ್ಪಲ್ಲ.

ಕರಡು ಇನ್ನೂ ನನ್ನ ಮೇಜಿನ ಮೇಲೇ ಇದೆ. ಪ್ರಕಾಶಕರು ಏನೂ ಹೇಳಿಲ್ಲ. ನೀವು ದೂರು ಕೊಟ್ಟಿಲ್ಲ ಅಂತಾಯಿತು. ಕೊಡದೇ ಇರುವುದು ದೊಡ್ಡತನವೋ ಭಯವೋ ತಿಳಿಯಲಿಲ್ಲ. ನಲವತ್ತೊಂದನೆಯ ಪುಟವೊಂದನ್ನು ಬಿಟ್ಟು ಉಳಿದದ್ದೆಲ್ಲ ತಿದ್ದಿ ಮುಗಿಸಿದ್ದೇನೆ.

ಕಾಯುತ್ತಿದ್ದೇನೆ.


ಫೆಬ್ರವರಿ 24

ನಾದಿನಿಗೆ,

ತಡವಾಯಿತು. ನಿನ್ನ ಫೆಬ್ರವರಿ ನಾಲ್ಕರ ಪತ್ರವನ್ನು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಒಂದು ವಾರ ಚಿಲ್ಲರೆ ತೆಗೆಯುವಾಗೆಲ್ಲ ಕೈಗೆ ತಾಗುತ್ತಿತ್ತು.

‘ಹತ್ತೊಂಬತ್ತೋ ಆರೋ ನನಗೆ ನೆನಪಿಲ್ಲ’ ಅಂತ ಉತ್ತರ ಬರೆಯಲು ಕೂತೆ. ಅಷ್ಟು ಬರೆದು ತಲೆ ಎತ್ತಿದರೆ ನಿನ್ನ ಅಕ್ಕ ಹಿಂದೆ ನಿಂತು ಓದುತ್ತಿದ್ದಳು. ನಿನ್ನ ಪತ್ರವನ್ನೂ ಓದಿಯಾಗಿತ್ತು. ನನ್ನ ಹಾಳೆಯನ್ನು ತೆಗೆದು, ಎರಡಾಗಿ ಹರಿದು, ಒಲೆ ಹಚ್ಚಲು ಒಯ್ದಳು.

ಈ ಭಾನುವಾರ ಕಂಡಕ್ಟರನ್ನು ಕರೆಸಿದೆ. ಎಲ್ಲ ಕೂತರು. ನಾನಿನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, ಅವಳು ತನ್ನ ಮದ್ದಿನಾಕೆಯನ್ನು ಎತ್ತಿ ಮೆಟ್ಟಿಲಿನ ಮೇಲೆ ಅಡ್ಡ ಮಲಗಿಸಿದಳು. ಅದು ನಾನು ಕನ್ನಡಕದ ತಿರುಪಿನಿಂದ ಮಾಡಿಕೊಟ್ಟದ್ದು, ಈಗ ತುಕ್ಕು ಹಿಡಿದಿದೆ. ಮಲಗಿಸಿ ಕೈ ಕಟ್ಟಿ ಕೂತಳು. ‘ಅಕ್ಕ, ಏನಿದು?’ ಅಂತ ಒಬ್ಬ ಹುಡುಗಿ ಕೇಳಿದಳು. ಅವಳು ಗೋಡೆಯ ಕಡೆ ಬೆರಳು ತೋರಿಸಿದಳು. ಬಿದ್ದವರು ಮಾತಾಡುವಂತಿಲ್ಲ.

ತೀರ್ಪು ಹೀಗಿದೆ. ಬಿಟ್ಟಿ ಏಟು ಮದ್ದಿನಾಕೆಯ ಮೇಲೆ ಖರ್ಚಾಯಿತು. ಅವಳು ಬಿದ್ದಿದ್ದಾಳೆ. ಗುರಾಣಿಯವಳ ಮೇಲೆ ಏಟು ಸಲ್ಲುವುದಿಲ್ಲ, ಅವಳು ನಿಂತಿದ್ದಾಳೆ, ಸರದಿ ಅವಳದು. ನಿನ್ನ ಗುಂಡಿ ಸಿಕ್ಕಿತು, ಗಾಜಿನ ಚೂರು ಹೋಗಿದೆ. ಹೊಸದು ಅಂಟಿಸಿ ಬಾಗಿಲಲ್ಲಿ ನಿಲ್ಲಿಸಿದ್ದೇನೆ.

ನಲವತ್ತೊಂದನೆಯ ಪುಟಕ್ಕೆ ಇದನ್ನು ಹಾಕು: ‘ಮದ್ದಿನಾಕೆಯೊಬ್ಬಳು ಜೊತೆಯವರನ್ನು ಬಿಟ್ಟು ಮೆಟ್ಟಿಲಿಗೆ ಓಡಿದಳು. ಕಾವಲುಗಾರನ ಬಿಟ್ಟಿ ಏಟು ಅವಳಿಗೆ ಬಿತ್ತು. ಏಟು ಖರ್ಚಾದದ್ದನ್ನು ಗಮನಿಸಿದ ಗುರಾಣಿಯವಳು ಅದೇ ಸುತ್ತಿನಲ್ಲಿ ನಿರ್ಭಯವಾಗಿ ಹಿಂದೆ ಸರಿದಳು. ನಿಯಮ ಬಲ್ಲವರಿಗೆ ಇದು ಮಾದರಿ.’

ಒಂದು ನಿಯಮ ನೆನಪಿಸುವುದು ಕಥೆ ನಡೆಸುವವನ ಕರ್ತವ್ಯ. ಬಿದ್ದವರು ಬಿದ್ದ ಕೂಡಲೇ ಸಾಯುವುದಿಲ್ಲ, ಮೂರು ಸುತ್ತು ಉಸಿರಿರುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿದ್ದವರು ತಮ್ಮ ಒಂದು ಸರದಿ ಕೊಟ್ಟು ಗಾಯಕ್ಕೆ ಕಟ್ಟು ಹಾಕಿದರೆ ಬದುಕುತ್ತಾರೆ. ಇಲ್ಲದಿದ್ದರೆ ಇಲ್ಲ. ಡಾಕ್ಟರ, ಕಂಡಕ್ಟರ ಪಾತ್ರಗಳೆರಡೂ ಮೆಟ್ಟಿಲ ಕೆಳಗಿನ ಅಂಗಳದಲ್ಲಿದ್ದಾರೆ, ಮೂರು ಸುತ್ತಿನಲ್ಲಿ ಮೇಲೆ ಬರಲಾರರು. ಅವಳ ಪಕ್ಕದಲ್ಲಿರುವುದು ನೀನೊಬ್ಬಳೇ.

ಒಂದು ವಾರಕ್ಕೆ ಒಂದು ಸುತ್ತು. ನಿನ್ನ ಸರದಿ ಬರೆದು ಕಳಿಸು.

ಭಾವ


ಫೆಬ್ರವರಿ 26

ಭಾವನವರಿಗೆ,

ಪ್ಯಾರಾ ಹಾಕಿದೆ. ನಿಮ್ಮ ‘ನಿರ್ಭಯವಾಗಿ’ ಉಳಿಸಿದ್ದೇನೆ.

ನನ್ನ ಮೊದಲ ಸರದಿ: ಆ ದಿನ ಹೇಳಹೊರಟಿದ್ದನ್ನೇ ಮಾಡುತ್ತೇನೆ. ಒಂದು ಹೆಜ್ಜೆ ಹಿಂದೆ ಸರಿದು, ಬಾಗಿಲು ಎಳೆದು, ಅಗುಳಿ ಹಾಕುತ್ತೇನೆ. ಕಾವಲುಗಾರ ಆಚೆ, ನಾವು ಈಚೆ.

ನಿಮ್ಮ ಮದ್ದಿನಾಕೆಗೆ ಇನ್ನೂ ಎರಡು ಸುತ್ತು ಇದೆಯಲ್ಲ. ಅವಸರವೇನು?

ಗುರಾಣಿಯವಳು


ಮಾರ್ಚ್ 4

ನಾದಿನಿಗೆ,

ಅಗುಳಿ ಬಿತ್ತು. ಕಾವಲುಗಾರ ಆಚೆಯಿಂದ ಗುದ್ದುತ್ತಿದ್ದಾನೆ. ದಾಳ ಉರುಳಿಸಿದೆ, ರಟ್ಟು ತೆಗೆದು ಎಲ್ಲರಿಗೂ ಕಾಣುವ ಹಾಗೆ. ನಾಲ್ಕು ಬಿತ್ತು, ಬಾಗಿಲು ಅಲುಗಲಿಲ್ಲ. ಡಾಕ್ಟರು ಚಪ್ಪಾಳೆ ತಟ್ಟಿ, ‘ಎಂಥಾ ಉಪಾಯ! ಹದಿನೆಂಟು ವರ್ಷ ಈ ಬಾಗಿಲು ತೆರೆದೇ ಇತ್ತಲ್ರೀ’ ಅಂದರು.

ಒಂದು ಸುತ್ತು ಹೋಯಿತು. ಅವಳು ಮಾತಾಡಲಿಲ್ಲ. ಮನೆಯಲ್ಲೂ ಆಟದ ಮಾತೆತ್ತಿದರೆ ಬಾಯಿ ಬಿಡುವುದಿಲ್ಲ.

ನಿನ್ನ ಸರದಿ.


ಮಾರ್ಚ್ 6

ಭಾವನವರಿಗೆ,

ಎರಡನೆಯ ಸರದಿ: ಬಾಗಿಲಿಗೆ ಇನ್ನೊಂದು ಅಗುಳಿ ಹಾಕುತ್ತೇನೆ.

ಒಂದು ಸಾಕು ಅಂತ ನೀವು ಹೇಳಬಹುದು. ಸಾಕೋ ಬೇಕೋ ನನ್ನ ಸರದಿ, ನನ್ನ ಇಷ್ಟ. ನಿಯಮದಲ್ಲಿ ಅಡ್ಡಿಯಿಲ್ಲ, ಹುಡುಕಿ ನೋಡಿದ್ದೇನೆ.


ಮಾರ್ಚ್ 14

ನಾದಿನಿಗೆ,

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಿನ್ನ ಎರಡನೆಯ ಅಗುಳಿಯನ್ನು ಓದಿದಾಗ ಕಂಡಕ್ಟರು ಹಗುರ ಮಾಡಲು, ‘ಮೂರು ವಾರದಿಂದ ಅಕ್ಕ ಈ ಕೋಣೆಯಲ್ಲಿ ಬಾಯಿ ಬಿಟ್ಟಿಲ್ಲ. ನಿಮ್ಮ ನಾದಿನಿಗೆ ಒಂದು ಶಾಲು ಹೊದಿಸ್ಬೇಕು ಬಿಡಿ’ ಅಂದ. ಯಾರೂ ನಗಲಿಲ್ಲ. ಹೊಸ ಹುಡುಗಿಯರಲ್ಲಿ ಚಿಕ್ಕವಳು ಕಣ್ಣೊರೆಸಿಕೊಂಡು, ‘ಪಕ್ಕದಲ್ಲೇ ನಿಂತಿದ್ದಾರಲ್ಲ, ಅವರಿಗೆ ಕಾಣ್ತಿಲ್ವಾ?’ ಅಂತ ಕೇಳಿದಳು.

‘ಕಾಣ್ತಿದೆಯಮ್ಮ, ಅದಕ್ಕೇ’ ಅಂದರು ಡಾಕ್ಟರು.

ನಿನ್ನ ಅಕ್ಕ ಆ ಹುಡುಗಿಯ ಬೆನ್ನು ತಟ್ಟಿದಳು. ಆಮೇಲೆ ಒಂದು ಕೆಲಸ ಮಾಡಿದಳು. ಕಾವಲುಗಾರನ ಸರದಿ ಬಂದಾಗ ನಾನು ದಾಳ ಹಿಡಿದು ಸುಮ್ಮನೆ ಕೂತುಬಿಟ್ಟಿದ್ದೆ. ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಉರುಳಿಸಿದಳು. ಮೂರು ಬಿತ್ತು. ಬಾಗಿಲು ನಿಂತಿತು.

ನಾನು ಇದನ್ನು ಆಟ ಅಂತಲೇ ನಂಬಿದ್ದೆ. ಆಗಲೂ, ಅವಳು ಅಷ್ಟು ಸೊರಗಿ ಬಂದು ಕೂತಿದ್ದಾಗ, ಮತ್ತೆ ಮಲಗಿಸುವುದು ಬೇಡ ಅಂತ... ಹೋಗಲಿ ಬಿಡು.

ಇದು ಕೊನೆಯ ಸುತ್ತು. ಈ ಭಾನುವಾರ ಆಟ ಇಡುವುದಿಲ್ಲ. ಮುಂದಿನ ಭಾನುವಾರದೊಳಗೆ ನಿನ್ನ ಸರದಿ ಬರದಿದ್ದರೆ, ನಿಯಮ ನನಗಿಂತ ಚೆನ್ನಾಗಿ ನಿನಗೇ ಗೊತ್ತು.

ಭಾವ


ಮಾರ್ಚ್ 17

ಭಾವನವರಿಗೆ,

ನಿಮ್ಮ ಪತ್ರ ನಿನ್ನೆ ಬಂತು. ರಾತ್ರಿ ಉತ್ತರ ಬರೆಯಲಿಲ್ಲ, ಬೆಳಿಗ್ಗೆ ಬರೆಯುತ್ತಿದ್ದೇನೆ. ಸಿಟ್ಟು ನಿದ್ದೆ ಮಾಡಿ ಎದ್ದರೂ ಅಷ್ಟೇ ಇದೆಯೇ ಅಂತ ನೋಡಬೇಕಿತ್ತು. ಇದೆ.

ಮೂರನೆಯ ಸರದಿ: ಕಟ್ಟು ಹಾಕುತ್ತೇನೆ.

ಖುಷಿಪಡಬೇಡಿ. ಆ ಚಿಕ್ಕ ಹುಡುಗಿ ಅತ್ತಳೆಂದಲ್ಲ, ಕ್ಷಮಿಸಿದೆನೆಂದೂ ಅಲ್ಲ. ಅವಳು ಮೆಟ್ಟಿಲ ಮೇಲೆ ಸತ್ತುಹೋದರೆ ನಿಮ್ಮ ಗೋಡೆಯ ನಿಯಮ ಅವಳಿಗೆ ಗುರಾಣಿಯಾಗುತ್ತದೆ. ಸುಮ್ಮನೆ, ದೊಡ್ಡ ಮನಸ್ಸಿನವಳ ಹಾಗೆ, ಕೈ ಕಟ್ಟಿಕೊಂಡು ಕಾಲವೆಲ್ಲ ಕೂತುಬಿಡುತ್ತಾಳೆ, ಎಲ್ಲರೂ ಪಾಪ ಅನ್ನುತ್ತಾರೆ. ಅಷ್ಟು ಸುಲಭವಾಗಿ ಬಿಡುವವಳಲ್ಲ ನಾನು. ಅವಳು ಬದುಕಬೇಕು. ಎದ್ದು ನಿಲ್ಲಬೇಕು. ನಿಂತವರಿಗೆ ಬಾಯಿ ಇದೆ.

ನಾನು ಕೇಳುವುದು ಒಂದೇ ಪ್ರಶ್ನೆ. ಉತ್ತರವನ್ನು ನೀವು ಹೇಳಿಕೊಡಬೇಡಿ. ಅವಳೂ ನನಗೊಂದು ಪ್ರಶ್ನೆ ಕೇಳಬಹುದು, ಆಸ್ಪತ್ರೆಗೆ ಏಕೆ ಬರಲಿಲ್ಲ ಅಂತ. ಕೇಳಲಿ. ಉತ್ತರ ನನ್ನ ಹತ್ತಿರ ಚೆನ್ನಾಗಿಲ್ಲ. ಆದರೆ ಎದುರಿಗೇ ಕೂತು ಹೇಳುತ್ತೇನೆ, ಟೀ ಕಲಕುತ್ತಾ ಅಲ್ಲ.

ಕರಡು ಪ್ರಕಾಶಕರಿಗೆ ಹೋಯಿತು. ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನಿಲ್ದಾಣಕ್ಕೆ ಯಾರೂ ಬರಬೇಕಿಲ್ಲ, ಅಂಗಡಿಯ ದಾರಿ ಮರೆತಿಲ್ಲ. ಕಂಡಕ್ಟರಣ್ಣನಿಗೂ ಡಾಕ್ಟರಿಗೂ ಹುಡುಗಿಯರಿಗೂ ಅರ್ಧ ಗಂಟೆ ತಡವಾಗಿ ಬರಲು ಹೇಳಿ. ನೀವೂ ಅಷ್ಟು ಹೊತ್ತು ಮುಂದಿನ ಕೋಣೆಯಲ್ಲಿ ಗಿರಾಕಿಗಳನ್ನು ನೋಡಿಕೊಳ್ಳಿ.

ಒಳಗೆ ಎರಡು ಕುರ್ಚಿ ಸಾಕು. ಎದುರು ಬದುರು ಹಾಕಿ. ಅವಳದು ಬಾಗಿಲಿನಿಂದ ದೂರ ಇರಲಿ.